ಯೋನಪ್ಪನ ತಾಟಿನ ಹಪ್ಪಳ

೪ ಜೂನ್ ೧೯೩೪, ಸೋಮವಾರ

ಈ ನೋಟ್‌ಬುಕ್ಕು ಅಪ್ಪ ಕೊಟ್ಟದ್ದು. ಸಿಟ್ಟು ಬಂದಾಗಲೆಲ್ಲ ಕೈಯಲ್ಲಿ ಪೆನ್ಸಿಲು ಹಿಡಿ, ಆಗ ಮುಷ್ಟಿ ಕಟ್ಟಲು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ಅಪ್ಪ ಬೆಟಗೇರಿಯ ಕ್ರೈಸ್ತ ಸಭೆಯ ಉಪದೇಶಿ. ಜೀವಮಾನದಲ್ಲಿ ಯಾರ ಮೇಲೂ ಕೈಮಾಡಿದವನಲ್ಲ. ಆದ್ದರಿಂದ ಪೆನ್ಸಿಲಿನಿಂದ ಚುಚ್ಚಲೂ ಬರುತ್ತದೆ ಎಂಬುದು ಅವನಿಗೆ ಹೊಳೆದಿಲ್ಲ.

ನಾನು ಪುಣೆಗೆ ಬಂದದ್ದೇ ಈ ಕೈಯ ದೆಸೆಯಿಂದ. ಹುಬ್ಬಳ್ಳಿಯ ಒಂದು ಹಂಚಿನ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಒಬ್ಬ, ನಮ್ಮವ್ವ ಹಾಡುವ ಕೀರ್ತನೆಯನ್ನು ಆಡಿನ ದನಿಯಲ್ಲಿ ಹಾಡಿ ತೋರಿಸಿದ. ನಾನು ಕೈಯಲ್ಲಿದ್ದ ಹಂಚನ್ನು ಅವನ ತಲೆಯ ಮೇಲೆ ಇಟ್ಟೆ. ಸ್ವಲ್ಪ ಜೋರಾಗಿಯೇ ಇಟ್ಟೆ. ಹಂಚು ಎರಡಾಯಿತು, ತಲೆ ಒಂದೇ ಉಳಿಯಿತು, ದೇವರ ದಯೆ. ಕೆಲಸ ಹೋಯಿತು. ಪಾದ್ರಿಗಳು ಯಾರಿಗೋ ಬರೆದು, ಅವರು ಇನ್ಯಾರಿಗೋ ಬರೆದು, ಇಲ್ಲಿ ದಂಡಿನವರ ಕ್ಯಾಂಪಿನಲ್ಲಿ ಏಕನಾಥರಾಯರ ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿಯ ಕೆಲಸ ಸಿಕ್ಕಿತು. ಇಲ್ಲಿಯವರು ಅದಕ್ಕೆ ಪೇಟಿ ಎನ್ನುತ್ತಾರೆ. ಹಿತ್ತಾಳಿ ಪಟ್ಟಿಗಳನ್ನು ಕೆರೆದು ಕೆರೆದು ಸ್ವರ ಕೂಡಿಸುವುದು. ಬೆಳಗ್ಗೆಯಿಂದ ಸಂಜೆತನಕ ಇದನ್ನೇ ಮಾಡಿದರೂ ಬೇಸರವಾಗದ ಕೆಲಸ ನನಗೆ ಇದೊಂದೇ ಸಿಕ್ಕಿರುವುದು.

ಏಕನಾಥರಾಯರಿಗೆ ಹಂಚಿನ ಕಥೆ ಗೊತ್ತು. ಒಂದು ಜಗಳದ ಸುದ್ದಿ ಕಿವಿಗೆ ಬಿದ್ದರೂ ಅದೇ ದಿನದ ಹುಬ್ಬಳ್ಳಿ ಗಾಡಿಗೆ ಹತ್ತಿಸುತ್ತೇನೆ ಎಂದು ಮೊದಲ ದಿನವೇ ಹೇಳಿದ್ದಾರೆ. ಅವ್ವನ ಕೈಮೇಲೆ ಕೈಯಿಟ್ಟು ನಾನೂ ಮಾತು ಕೊಟ್ಟಿದ್ದೇನೆ, ಒಂದು ವರ್ಷ ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು.

ಇದನ್ನೆಲ್ಲ ಇವತ್ತು ಬರೆಯಲು ಕಾರಣ ಒಂದು ಹಪ್ಪಳ.

ಊಟಕ್ಕೆ ಭುಜಂಗನ ಖಾನಾವಳಿಗೆ ಹೋಗುತ್ತೇನೆ. ಕುಂದಾಪುರದ ಕಡೆಯವನು. ಪೇಟೆಯ ಖಾನಾವಳಿಗಳಲ್ಲಿ ನನ್ನನ್ನು ಒಳಗೆ ಬಿಡುವುದಿಲ್ಲ. ಇವನಲ್ಲಿ ಉದ್ದನೆಯ ಮೇಜು, ಎರಡು ಬೆಂಚು, ಯಾರು ಬೇಕಾದರೂ ಕೂಡಬಹುದು. ಕನ್ನಡದವರೆಲ್ಲ ಒಂದು ತುದಿಗೆ ಕೂಡುತ್ತೇವೆ. ಊಟಕ್ಕೆ ಕೂತೆ, ಮನೆಯ ರೂಢಿಯಂತೆ ಕಣ್ಣು ಮುಚ್ಚಿ, ಕೈ ಜೋಡಿಸಿ ಪ್ರಾರ್ಥನೆ ಮಾಡಿದೆ. ಆಮೆನ್ ಎಂದು ಕಣ್ಣು ತೆರೆದರೆ ತಾಟಿನಲ್ಲಿ ಹಪ್ಪಳ ಇಲ್ಲ. ಎಲ್ಲರೂ ತಮ್ಮ ತಮ್ಮ ಸಾರಿನೊಳಗೆ ಏನೋ ಹುಡುಕುತ್ತಿದ್ದರು.

ಬಡಿಸಲು ಮರೆತಿರಬೇಕು.

೫ ಜೂನ್, ಮಂಗಳವಾರ

ಮರೆತಿರಲಿಲ್ಲ.

೭ ಜೂನ್, ಗುರುವಾರ

ನಾಲ್ಕು ದಿನ, ನಾಲ್ಕು ಹಪ್ಪಳ. ಭುಜಂಗನ ಹಪ್ಪಳ ಹಲಸಿನದು, ಊರಿನಿಂದ ತರಿಸುತ್ತಾನೆ, ತಲೆಗೆ ಒಂದೇ. ಬಯಲುಸೀಮೆಯವನಾದ ನಾನು ಅದರ ರುಚಿ ಹೇಗಿರುತ್ತದೆಂದು ಇನ್ನೂ ನೋಡಿಲ್ಲ.

ಎದುರಿನ ಬೆಂಚಿನಲ್ಲಿ ಇಬ್ಬರು. ಒಬ್ಬ ಈರಬಸಪ್ಪ, ಬೈಲಹೊಂಗಲದವನು, ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿದ್ದಾನೆ. ಎರಡಾಳಿನ ಮೈ, ಅರ್ಧಾಳಿನ ಮಾತು. ಕೊರಳಲ್ಲಿ ಲಿಂಗ, ಊಟಕ್ಕೆ ಮೊದಲು ಅದನ್ನು ಎದೆಯ ಮೇಲೆ ಒತ್ತಿಕೊಂಡು ಒಂದು ಉಸಿರು ಬಿಟ್ಟರೆ ಅವನ ಪೂಜೆ ಮುಗಿಯಿತು. ಅವನಿಗೆ ಯಾರೂ ನಗುವುದಿಲ್ಲ, ಆ ತೋಳು ನೋಡಿದವರಿಗೆ ನಗು ಬರುವುದಿಲ್ಲ. ಇನ್ನೊಬ್ಬ ಪ್ರಲ್ಹಾದ. ಧಾರವಾಡದ ಬ್ರಾಹ್ಮಣ, ಬಟ್ಟೆ ಕಂಪನಿಯಲ್ಲಿ ಗುಮಾಸ್ತ, ಕಡ್ಡಿಯಂಥ ಆಸಾಮಿ, ಬಾಯಿ ಮಾತ್ರ ಮೈಗಿಂತ ದೊಡ್ಡದು. ನನಗೆ ಪಾದ್ರಿಸಾಹೇಬ ಎಂದು ಹೆಸರಿಟ್ಟವನು ಅವನೇ. ನಾನು ಕಣ್ಣು ಮುಚ್ಚಿದ ಕೂಡಲೇ, ಸದ್ದು ಮಾಡಬೇಡಿ, ಸಾಹೇಬರು ಸ್ವರ್ಗಕ್ಕೆ ತಂತಿ ಕಳಿಸುತ್ತಿದ್ದಾರೆ ಎನ್ನುತ್ತಾನೆ. ನಿಮ್ಮ ದೇವರಿಗೆ ಕನ್ನಡ ತಿಳಿಯುತ್ತದೋ ಅಥವಾ ಪಕ್ಕದಲ್ಲಿ ದುಭಾಷಿ ಇದ್ದಾನೋ ಎಂದು ಇವತ್ತು ಕೇಳಿದ. ಇಡೀ ಮೇಜು ನಕ್ಕಿತು. ಭುಜಂಗನೂ ಸೌಟು ಹಿಡಿದು ನಕ್ಕ.

ಕಳ್ಳ ಸಿಕ್ಕಿದರೆ ಎಲ್ಲಿ ಹೊಡೆಯಬೇಕು ಎಂದು ಯೋಚಿಸಿದೆ. ಕಿವಿಯ ಕೆಳಗೆ. ಅಲ್ಲಿ ಗುರುತು ಉಳಿಯುವುದಿಲ್ಲ.

ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ಕೊಡಬೇಕೆಂದು ಅಪ್ಪ ಎಷ್ಟೋ ಸಲ ಉಪದೇಶ ಮಾಡಿದ್ದಾನೆ. ಹಪ್ಪಳದ ವಿಷಯ ಅವನು ಏನೂ ಹೇಳಿಲ್ಲ.

೧೦ ಜೂನ್, ರವಿವಾರ

ಇವತ್ತು ಹಬ್ಬದೂಟದಂಥ ಊಟ, ಪ್ರತಿಯೊಬ್ಬರಿಗೂ ಹಪ್ಪಳದ ಜೊತೆ ಒಂದು ಹೋಳಿಗೆ. ಎರಡನ್ನೂ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಪ್ರಾರ್ಥನೆಯನ್ನು ಗಿಡ್ಡ ಮಾಡಿದೆ. ಅಪ್ಪ ಊಟದ ಮುಂದೆ ಮಾಡುವ ಪ್ರಾರ್ಥನೆಯಲ್ಲಿ ಮಳೆ, ಬೆಳೆ, ಅನಾಥರು, ವಿಧವೆಯರು, ರಾಜಾಧಿಕಾರಿಗಳು ಎಲ್ಲರೂ ಬರುತ್ತಾರೆ, ಸಾರು ಆರಿ ಕೆನೆಗಟ್ಟುತ್ತದೆ. ನಾನು ಮಳೆಬೆಳೆ ಬಿಟ್ಟೆ. ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೆ ಸೇರಿಸಿದೆ. ತಂದೆಯೇ ಎಂದು ಶುರುಮಾಡಿ ಆಮೆನ್ ಎನ್ನುವಷ್ಟರಲ್ಲಿ ಮೂರು ಉಸಿರು.

ಹೋಳಿಗೆ ಉಳಿಯಿತು. ಹಪ್ಪಳ ಹೋಯಿತು. ಬಲು ಚುರುಕು ಕೈ.

೧೩ ಜೂನ್, ಬುಧವಾರ

ಕಳ್ಳ ಸಿಕ್ಕ.

ಇಷ್ಟು ದಿನ ಕಣ್ಣನ್ನೇ ನಂಬಿ ಕೂತಿದ್ದೆ, ಕಿವಿ ಇದೆ ಎಂಬುದನ್ನೇ ಮರೆತಿದ್ದೆ. ಇಡೀ ದಿನ ಹಿತ್ತಾಳಿಯ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಿವಿ, ಹಪ್ಪಳ ಮುರಿಯುವ ಸದ್ದು ಹಿಡಿಯದೇ ಇರುತ್ತದೆಯೇ? ಪ್ರತಿಯೊಬ್ಬನ ದವಡೆಗೂ ಒಂದು ಸ್ವರ ಇದೆ. ಈರಬಸಪ್ಪನದು ಮಂದ್ರ, ನಿಧಾನ, ರಾಗಿಕಲ್ಲು ತಿರುಗಿದಂತೆ. ಕಳ್ಳನದು ತಾರಸ್ಥಾಯಿ, ಬರೀ ಬಲಗಡೆ. ಮೂರು ಸಲ ಕರಕರ, ಆಮೇಲೆ ಒಂದು ಚಣ ನಿಲ್ಲುತ್ತದೆ, ಮತ್ತೆ ಮೂರು ಸಲ. ಎಡಗಡೆಯ ಹಲ್ಲು ಹುಳುಕಾದವನು ಹಾಗೆ ಅಗಿಯುತ್ತಾನೆ. ಮಧ್ಯಾಹ್ನ ಮೊಸರಿನ ಜೊತೆ ಮೆಣಸಿನಕಾಯಿ ಕಡಿಯುವಾಗ ಎಲ್ಲರ ಬಾಯಿ ನೋಡಿದೆ. ಬಲಗಡೆ ಅಗಿಯುವವನು ಪ್ರಲ್ಹಾದ.

ಅವನ ತಾಯಿ ನನ್ನ ನೆರಳು ಬಿದ್ದ ನೀರು ಕುಡಿಯಲಾರಳು. ಇವನು ನನ್ನ ತಾಟಿಗೆ ಕೈಹಾಕಿ ಹಪ್ಪಳ ತಿನ್ನುತ್ತಾನೆ.

೧೮ ಜೂನ್, ಸೋಮವಾರ

ಪೆನ್ಸಿಲನ್ನು ಎಷ್ಟು ಗಟ್ಟಿ ಹಿಡಿದಿದ್ದೇನೆಂದರೆ ಮುರಿಯಬಹುದು.

ಇವತ್ತು ಎಲ್ಲರೂ ಸ್ವರಾಜ್ಯದ ಮಾತಾಡುತ್ತಿದ್ದರು. ಪ್ರಲ್ಹಾದ ನನ್ನ ಕಡೆ ತಿರುಗಿದ. "ಪಾದ್ರಿಸಾಹೇಬ್ರ, ಬಿಳೀ ಸಾಹೇಬ್ರು ಹಡಗ ಹತ್ತಿ ಹೋಗೂ ಮುಂದ, ನಿಮ್ಮ ದೇವರಿಗೂ ಒಂದು ಟಿಕೀಟು ತಗೀತಾರೋ ಏನ ಇಲ್ಲೇ ಬಿಟ್ಟು ಹೋಗ್ತಾರೋ?"

ಈ ಸಲ ನಕ್ಕವರು ನಮ್ಮ ಮೇಜಿನವರಷ್ಟೇ ಅಲ್ಲ. ಗೋಡೆಯ ಕಡೆ ಕೂತ ಮರಾಠಿಯವರಿಗೆ ಯಾರೋ ಅದನ್ನು ಮರಾಠಿಯಲ್ಲಿ ಹೇಳಿದರು, ಅವರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಎದ್ದು ನಿಂತೆ. ಕೈ ಅಷ್ಟರಲ್ಲಿ ತಾನಾಗಿ ಮುಷ್ಟಿಯಾಗಿತ್ತು. ಎದುರಿಗೆ ಪ್ರಲ್ಹಾದನ ಕತ್ತು, ಗುಬ್ಬಿಯ ಕತ್ತಿನಷ್ಟು. ಆಗ ಈರಬಸಪ್ಪ ಮೇಜಿನ ಮೇಲಿಂದ ಕೈಚಾಚಿ ನನ್ನ ಮುಷ್ಟಿಯೊಳಗೆ ಒಂದು ಉಳ್ಳಾಗಡ್ಡಿ ಇಟ್ಟ. ಹಸಿ ಉಳ್ಳಾಗಡ್ಡಿ, ಒಡೆದು ತಿನ್ನಲಿಕ್ಕೆ ಕೊಡುವಂತೆ. ನಾನು ಅದನ್ನು ಮೇಜಿನ ಮೇಲಿಟ್ಟು ಗುದ್ದಿದೆ. ಅದು ಒಡೆಯಿತು, ಮೇಜು ನಡುಗಿತು, ನೀರಿನ ತಂಬಿಗೆ ಬಿತ್ತು. ಪ್ರಲ್ಹಾದನ ಮುಖ ಬೆಳ್ಳಗಾಯಿತು. ಭುಜಂಗ ಒಳಗಿನಿಂದ, "ಎಂಥದ್ದು ಮಾರಾಯ್ರೆ, ಮೇಜು ನನ್ನದು" ಎಂದ.

ಉಳ್ಳಾಗಡ್ಡಿಗೆ ಹೊಡೆದರೆ ಮಾತು ಮುರಿದಂತಾಗುವುದಿಲ್ಲ ಎಂದು ತಿಳಿದಿದ್ದೇನೆ. ಅವ್ವನಿಗೆ ಬರೆಯುವುದಿಲ್ಲ. ಕಣ್ಣಲ್ಲಿ ನೀರು ಬಂದದ್ದು ಉಳ್ಳಾಗಡ್ಡಿಯದು.

ಅಲ್ಲ. ಅದು ಬರೀ ಉಳ್ಳಾಗಡ್ಡಿಯದಲ್ಲ.

೨೦ ಜೂನ್, ಬುಧವಾರ

ನಾನಿರುವ ಬಾಡಿಗೆ ಖೋಲಿಯಲ್ಲೇ ಪ್ರಾರ್ಥನೆ ಮುಗಿಸಿಕೊಂಡು ಹೋದೆ. ಖಾನಾವಳಿಯಲ್ಲಿ ಕಣ್ಣು ಮುಚ್ಚಲೇ ಇಲ್ಲ. ಕೂತ ಕೂಡಲೇ ಹಪ್ಪಳ ತಿಂದೆ, ಎಲ್ಲರ ಮುಂದೆ, ಸದ್ದು ಮಾಡಿ. ಪಾದ್ರಿಸಾಹೇಬರು ನಮ್ಮ ಜಾತಿಗೆ ಬಂದರು ಎಂದು ಪ್ರಲ್ಹಾದ ಸಾರಿದ.

ಹಲಸಿನ ಹಪ್ಪಳದ ರುಚಿ ಕೊನೆಗೂ ತಿಳಿಯಿತು. ಅಷ್ಟೇನಿಲ್ಲ. ಇಷ್ಟಕ್ಕಾಗಿ ಮೂರು ತಲೆಮಾರಿನ ರೂಢಿಯನ್ನು ಖೋಲಿಯಲ್ಲಿ ಬಚ್ಚಿಟ್ಟು ಬಂದೆನಲ್ಲ ಎಂದು ನಾಚಿಕೆಯಾಯಿತು. ನನ್ನಜ್ಜ ಬೆಟಗೇರಿಯ ಮಗ್ಗದ ಕುಣಿಯೊಳಗೆ ಕೂತು, ಕೇರಿಯವರೆಲ್ಲ ಬಾಗಿಲಲ್ಲಿ ನಿಂತು ನಗುವಾಗಲೂ ಕಣ್ಣು ಮುಚ್ಚಿ ಉಣ್ಣುತ್ತಿದ್ದನಂತೆ. ಅವನ ತಾಟಿನಲ್ಲಿ ಹಪ್ಪಳ ಇರಲಿಲ್ಲ, ಅಷ್ಟೇ ವ್ಯತ್ಯಾಸ.

೨೧ ಜೂನ್, ಗುರುವಾರ

ಕಣ್ಣು ಮುಚ್ಚಿದೆ. ಅನಾಥರು ಬೇರೆ, ವಿಧವೆಯರು ಬೇರೆ, ಯಾರನ್ನೂ ಬಿಡಲಿಲ್ಲ. ಹಪ್ಪಳ ಹೋಯಿತು. ಹೋಗಲಿ.

೨೫ ಜೂನ್, ಸೋಮವಾರ

ಮುಂಜಾನೆ ಒಂದು ಪೇಟಿಯ ಗಾಳಿಯೂದುವ ತಿದಿಗೆ ತೇಪೆ ಹಾಕುವಾಗ ಒಂದು ಯುಕ್ತಿ ಹೊಳೆಯಿತು. ಅಂಗಿ ಕಸಿಯುವವನಿಗೆ ಮೇಲಂಗಿಯನ್ನೂ ಬಿಚ್ಚಿಕೊಡು ಎಂದು ಅಪ್ಪ ಹೇಳುತ್ತಾನಲ್ಲ, ಅದರಲ್ಲಿ ಒಳ್ಳೆಯತನದ ಜೊತೆ ಸ್ವಲ್ಪ ತಂಟೆಯೂ ಇದೆ ಎಂದು ಈವತ್ತೇ ಗೊತ್ತಾದದ್ದು. ಭುಜಂಗನಿಗೆ ಎರಡು ಹಪ್ಪಳ ಬಡಿಸಲು ಹೇಳಿದೆ. ಯಾಕೆ ಎಂದ. ಒಂದು ನನಗೆ, ಒಂದು ಕಳ್ಳನಿಗೆ ಎಂದೆ. ಭುಜಂಗ ಬಹಳ ಹೊತ್ತು ನನ್ನ ಮುಖ ನೋಡಿ ಎರಡು ಹಾಕಿದ. ಕಳ್ಳನದನ್ನು ತಾಟಿನ ಹೊರಗೆ, ಪ್ರಲ್ಹಾದನ ಕೈಗೆ ಎಟಕುವ ಹಾಗೆ ಇಟ್ಟೆ. ನನ್ನದನ್ನು ಅನ್ನದ ಹಿಂದೆ ಇಟ್ಟೆ.

ಕಣ್ಣು ತೆರೆದಾಗ ಹೊರಗಿನದು ಇಟ್ಟಲ್ಲೇ ಇತ್ತು. ಅನ್ನದ ಹಿಂದಿನದು ಹೋಗಿತ್ತು.

ಕೊಟ್ಟದ್ದನ್ನು ಕದಿಯಲು ಅವನಿಗೆ ಮನಸ್ಸಾಗಲಿಲ್ಲ ಅಂತ ಕಾಣುತ್ತದೆ. ಆದರೂ ಒಂದು ಉಳಿಯಿತಲ್ಲ, ತಿಂದೆ. ಈರಬಸಪ್ಪ ನಕ್ಕ. ಅವನು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಹೊಟ್ಟೆ ಮಾತ್ರ ನಗುತ್ತದೆ.

೨೮ ಜೂನ್, ಗುರುವಾರ

ಪ್ರಲ್ಹಾದ ಮತ್ತೆ ಹಡಗಿನ ಟಿಕೀಟಿನ ಮಾತು ತೆಗೆದ. ಹತ್ತು ದಿನ ಆಗಿತ್ತಲ್ಲ, ಹೊಸದೇನೂ ಹೊಳೆದಿರಲಿಕ್ಕಿಲ್ಲ. ಮೊದಲಿನ ಸಲ ಬಂದ ಸಿಟ್ಟು ಎಲ್ಲಿ ಹೋಗಿತ್ತೋ, ಬಾಯಿಗೆ ಬಂದದ್ದನ್ನು ಹೇಳಿದೆ.

"ಟಿಕೀಟು ತಗದ್ರೂ ಹೋಗೂದಿಲ್ರಿ. ನಮ್ಮವ್ವನ ಕೈಯಾನ ಜ್ವಾಳದ ರೊಟ್ಟಿ ರೂಢಿ ಆಗ್ಯದ ಅವಗ. ಹಡಗಿನಾಗ ಬರೇ ಪಾವು ಕೊಡ್ತಾರಂತ."

ಈ ಸಲವೂ ಎಲ್ಲರೂ ನಕ್ಕರು, ಪ್ರಲ್ಹಾದ ಎಲ್ಲರಿಗಿಂತ ಜೋರಾಗಿ ನಕ್ಕ, ನಗುವಾಗ ಸಾರು ಮೂಗಿಗೇರಿ ಕೆಮ್ಮಿದ. ಬೆನ್ನು ತಟ್ಟಬೇಕಾಯಿತು. ತಟ್ಟುವ ನೆಪದಲ್ಲಿ ಸ್ವಲ್ಪ ಜೋರಾಗಿ ಹಾಕಬಹುದಾಗಿತ್ತು. ಆ ಯೋಚನೆ ಈಗ ಬರೆಯುವಾಗ ಬಂತು, ಆಗ ಬರಲಿಲ್ಲ. ಒಳ್ಳೆ ಅವಕಾಶ ಹೋಯಿತು.

೫ ಜುಲೈ, ಗುರುವಾರ

ಮೂರು ದಿನದಿಂದ ಪ್ರಲ್ಹಾದ ಊಟಕ್ಕೆ ಬಂದಿಲ್ಲ. ಜ್ವರವಂತೆ. ಎರಡೂ ಹಪ್ಪಳ ತಾಟಿನಲ್ಲೇ ಉಳಿಯುತ್ತವೆ. ತಿಂದೆ. ರುಚಿಯಿಲ್ಲ, ಮಳೆಯ ಗಾಳಿಗೆ ಮೆತ್ತಗಾಗಿರಬೇಕು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಭುಜಂಗನಿಂದ ಗಂಜಿ ಹಾಕಿಸಿಕೊಂಡು ಪ್ರಲ್ಹಾದನ ಖೋಲಿಗೆ ಹೋದೆ. ಕಿಸೆಯಲ್ಲಿ ಒಂದು ಹಪ್ಪಳ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಅವನು ಕಂಬಳಿಯೊಳಗಿಂದ ನನ್ನನ್ನು ನೋಡಿ ಗಾಬರಿಯಾದ, ಹೊಡೆಯಲು ಬಂದೆನೆಂದು ತಿಳಿದಿರಬೇಕು. ಗಂಜಿ ಇಟ್ಟೆ. ಹಪ್ಪಳ ತೆಗೆದರೆ ಪುಡಿಯಾಗಿತ್ತು, ಗಂಜಿಗೆ ಸುರಿದೆ. ನಾನು ಕಣ್ಣು ಮುಚ್ಚಲೇನು, ಇಲ್ಲದಿದ್ದರೆ ನಿನಗೆ ಸೇರಲಿಕ್ಕಿಲ್ಲ ಎಂದು ಕೇಳಿದೆ. ಅವನು ಗೋಡೆಯ ಕಡೆ ತಿರುಗಿದ. ಹೆಗಲು ಅಲುಗುತ್ತಿತ್ತು. ಚಳಿಜ್ವರವೇ ಇರಬೇಕು.

೧೪ ಜುಲೈ, ಶನಿವಾರ

ಇವತ್ತು ಪ್ರಲ್ಹಾದ ಅಂಗಡಿಗೇ ಬಂದ. ಪಾದ್ರಿಸಾಹೇಬ ಎನ್ನಲಿಲ್ಲ, ಯೋನಪ್ಪ ಎಂದ. ನನ್ನ ಹೆಸರು ಅವನಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಂಗತಿ ಇಷ್ಟು. ಅವನ ತಾಯಿ ರಾಧಾಬಾಯಿ ಧಾರವಾಡದಿಂದ ಬರುತ್ತಿದ್ದಾಳೆ. ಶನಿವಾರಪೇಟೆಯಲ್ಲಿ ಬಳಗದವರ ಮನೆಯಲ್ಲಿ ಇಳಿಯುತ್ತಾಳೆ. ಮಗ ಪೇಟೆಯ ಮಡಿಯ ಖಾನಾವಳಿಯಲ್ಲಿ ಉಣ್ಣುತ್ತಾನೆ, ದಿನಾ ತಾಟಿನ ಸುತ್ತ ನೀರು ಬಿಟ್ಟು, ನಾಲ್ಕು ಅಗಳು ಅನ್ನ ಬದಿಗಿಟ್ಟು, ಚಿತ್ರಾವತಿ ಮಾಡಿ ಊಟ ಶುರು ಮಾಡುತ್ತಾನೆ ಎಂದು ಅವಳು ತಿಳಿದಿದ್ದಾಳೆ. ಪತ್ರದಲ್ಲಿ ಹಾಗೆಂದು ಬರೆದವನು ಇವನೇ. ನಿಜ ಗೊತ್ತಾದರೆ ಮುಂದಿನ ಗಾಡಿಗೇ ಧಾರವಾಡಕ್ಕೆ ಎಳೆದುಕೊಂಡು ಹೋಗಿ, ಸೋದರಮಾವನ ಹಿಂದೆ ಪೌರೋಹಿತ್ಯಕ್ಕೆ ಹಚ್ಚುತ್ತಾಳೆ. ನನ್ನನ್ನು ಹೆದರಿಸುವ ಗಾಡಿ ಇವನನ್ನೂ ಹೆದರಿಸುತ್ತದೆ. ಹುಬ್ಬಳ್ಳಿಗಿಂತ ಮೊದಲು ಧಾರವಾಡ ಬರುವುದರಿಂದ ಇವನು ಮುಂಚೆ ಇಳಿಯಬೇಕಾಗುತ್ತದೆ.

ಅವಳ ಭಜನೆಯ ಪೇಟಿ ಕೆಟ್ಟಿದೆಯಂತೆ, ಹೊತ್ತು ತರುತ್ತಿದ್ದಾಳೆ. ಪುಣೆಯಲ್ಲಿ ಪೇಟಿ ರಿಪೇರಿಗೆ ಕನ್ನಡದವನೊಬ್ಬ ಗೆಳೆಯ ಇದ್ದಾನೆ ಎಂದು ಯಾವುದೋ ಪತ್ರದಲ್ಲಿ ಜಂಭಕ್ಕೆ ಬರೆದುಬಿಟ್ಟಿದ್ದಾನೆ. ಗೆಳೆಯ. ಹಾಗೆ ಬರೆದಾಗ ಅವನ ಬಾಯಲ್ಲಿ ನನ್ನ ಹಪ್ಪಳ ಇದ್ದಿರಬೇಕು.

ಅವಳು ಕೇಳಿದರೆ ನೀನು ಹೇಳಬೇಡ ಎಂದ. ನಾನು ಸುಳ್ಳು ಹೇಳುವುದಿಲ್ಲ ಎಂದೆ. ಅವನ ಮುಖ ಇಳಿಯಿತು. ಹೊರಟುಹೋದ.

ಇಷ್ಟು ದಿನದ ಹಪ್ಪಳಗಳೆಲ್ಲ ಒಂದೇ ಮಾತಿನಲ್ಲಿ ತೀರುವ ಹೊತ್ತು ತಾನಾಗಿ ನಡೆದು ಬರುತ್ತಿದೆ. ಕೈ ಎತ್ತಬೇಕಾಗಿಯೇ ಇಲ್ಲ. ಖುಷಿಯಾಗಬೇಕಾಗಿತ್ತು.

೧೭ ಜುಲೈ, ಮಂಗಳವಾರ

ರಾಧಾಬಾಯಿ ಬಂದಿದ್ದಳು. ಗಿಡ್ಡ ಹೆಂಗಸು, ಕೆಂಪು ಸೀರೆ, ಕಣ್ಣು ಸೂಜಿ. ಮಗ ಕಂಪನಿಯಲ್ಲಿದ್ದ, ಬಳಗದ ಹುಡುಗಿಯೊಬ್ಬಳನ್ನು ಕರೆದುಕೊಂಡು ಟಾಂಗಾದಲ್ಲಿ ಬಂದಿದ್ದಳು. ಹೆಸರು ಕೇಳಿದಳು. ಯೋನಪ್ಪ, ಬೆಟಗೇರಿ, ಕ್ರಿಸ್ತಾವ್ರು ಎಂದೆ. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಪೇಟಿಯನ್ನು ನೋಡಿದಳು, ನನ್ನ ಕೈ ನೋಡಿದಳು. ಸ್ವಲ್ಪ ಯೋಚಿಸಿ, ಪೇಟಿ ಸಾಹೇಬರ ದೇಶದ ಸಾಮಾನು, ಅದಕ್ಕೆ ಮಡಿ ಇಲ್ಲ ಎಂದು ತಾನೇ ತೀರ್ಪು ಕೊಟ್ಟು ಮುಂದೆ ಸರಿಸಿದಳು.

ಒಳಗೆ ಒಂದು ಪಟ್ಟಿಗೆ ಧೂಳು ಕೂತಿತ್ತು. ಪಂಚಮ ಅಳುತ್ತಿತ್ತು. ನಾನು ಕೆರೆದು ಕೂಡಿಸುತ್ತಿರುವಾಗ ಅವಳು ಸ್ವರ ಹಿಡಿದು ತೋರಿಸಲು ಒಂದು ದಾಸರ ಪದದ ಎರಡು ಸಾಲು ಹಾಡಿದಳು. ನಮ್ಮವ್ವನ ದನಿಯ ಹಾಗೆಯೇ ಮೇಲಿನ ಷಡ್ಜದಲ್ಲಿ ಒಡೆಯುತ್ತದೆ. ಬೇಕಿದ್ದರೆ ಆಡಿನ ದನಿ ಎನ್ನಬಹುದು. ನಾನು ಹಾಗೆನ್ನಲಿಲ್ಲ, ತಿದಿ ಒತ್ತಿ ಸ್ವರ ಕೊಟ್ಟೆ.

ಹಾಡು ನಿಲ್ಲಿಸಿ ಒಮ್ಮೆಲೇ ಕೇಳಿದಳು. "ತಮ್ಮಾ, ನಿಮ್ಮವರು ಸುಳ್ಳು ಹೇಳೂದಿಲ್ಲಂತ, ಖರೇ ಏನು?"

"ನಮ್ಮಾಗೂ ಹೇಳಾವರು ಅದಾರ್ರಿ ಅವ್ವಾರ. ನಾ ಹೇಳೂದಿಲ್ರಿ."

"ಹಂಗಾದ್ರ ಹೇಳು. ನಮ್ಮ ಪ್ರಲ್ಹಾದ ಉಣ್ಣೂಕಿಂತ ಮೊದ್ಲ ದೇವರನ್ನ ನೆನಸ್ತಾನೋ ಇಲ್ಲೋ? ಪತ್ರದಾಗ ಬರೀತಾನ. ಪತ್ರಕ್ಕೇನು, ಕಾಗದ ಎಲ್ಲಾ ತಡಕೋತದ."

ಹಿತ್ತಾಳಿ ಪಟ್ಟಿ ಕೈಯಿಂದ ಜಾರಿತು. ಬಗ್ಗಿ ಹುಡುಕಿದೆ. ಅದು ಕಾಲ ಹತ್ತಿರವೇ ಇತ್ತು, ಆದರೂ ಸ್ವಲ್ಪ ಹೊತ್ತು ಹುಡುಕಿದೆ. ಮೇಜಿನ ಕೆಳಗೆ ಬಗ್ಗಿ ಕೂತವನಿಗೆ ಗುಬ್ಬಿಯಂಥ ಆ ಕತ್ತು ನೆನಪಾಯಿತು, ಕಂಬಳಿಯಲ್ಲಿ ಅಲುಗುತ್ತಿದ್ದ ಹೆಗಲು ನೆನಪಾಯಿತು. ಸುಳ್ಳು ಹೇಳಬಾರದು, ಅವನನ್ನು ಗಾಡಿಗೆ ಹತ್ತಿಸಲೂಬಾರದು. ದೇವರೇ, ಒಂದು ಸಣ್ಣ ಸಂದಿ ತೋರಿಸು ಎಂದೆ. ಅಷ್ಟು ಗಿಡ್ಡ ಪ್ರಾರ್ಥನೆ ನಾನು ಹೋಳಿಗೆಯ ದಿನವೂ ಮಾಡಿರಲಿಲ್ಲ.

ಎದ್ದು ಹೇಳಿದೆ. "ಅವ್ವಾರ, ದೇವರ ಹೆಸರು ತಗೊಂಡು ಮುಗಿಯೂತನಕಾ ಪ್ರಲ್ಹಾದರಾಯರು ತಮ್ಮ ತಾಟಿನಾಗಿಂದು ಒಂದು ಅಗಳೂ ಮುಟ್ಟೂದಿಲ್ರಿ. ಒಂದು ದಿನಾನೂ ತಪ್ಪಿಲ್ರಿ. ಇದನ್ನ ನಾ ನನ್ನ ಕಿವೀಲೆ ಕೇಳೇನಿ."

"ಕಿವೀಲೆ ಯಾಕ? ಕಣ್ಣೀಲೆ ನೋಡಿಲ್ಲೇನು?"

"ನನ್ನ ಕಣ್ಣ ಆ ಹೊತ್ತಿನ್ಯಾಗ ಮುಚ್ಚಿರತಾವ್ರಿ."

ಆ ಸೂಜಿಕಣ್ಣು ನನ್ನ ಮೇಲೆ ನಿಂತಿತು. ಪುಣ್ಯಾತ್ಗಿತ್ತಿ ಒಂದೊಂದೇ ಎಳೆ ಬಿಚ್ಚುತ್ತಿದ್ದಳು. ತನ್ನ ಮಗ, ಕಣ್ಣು ಮುಚ್ಚುವ ಕ್ರಿಸ್ತನ ಹುಡುಗ, ಒಂದೇ ಮೇಜು. ಆಮೇಲೆ ಮೆಲ್ಲಗೆ ಕೇಳಿದಳು. "ತನ್ನ ತಾಟು ಮುಟ್ಟೂದಿಲ್ಲ. ಮತ್ತ ಯಾರ ತಾಟು ಮುಟ್ತಾನ?"

ನಾನು ಬಾಯಿ ಮುಚ್ಚಿದೆ. ಬಾಯಿ ಮುಚ್ಚಿದರೆ ಸುಳ್ಳಾಗುವುದಿಲ್ಲ.

"ಹಪ್ಪಳಾ?" ಎಂದಳು.

ನನ್ನ ಮುಖ ಅಪ್ಪನ ಮುಖದ ಹಾಗೆ, ಅದರಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ರಾಧಾಬಾಯಿ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಳುತ್ತಾಳೆಂದು ತಿಳಿದೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ತೆಗೆದಾಗ ನಗುತ್ತಿದ್ದಳು. ಅವನು ಐದು ವರ್ಷದವನಿದ್ದಾಗಿನ ಕಥೆ ಹೇಳಿದಳು. ಹಬ್ಬದ ದಿನ ಅವನ ಅಪ್ಪ ದೇವರ ಮುಂದೆ ನೈವೇದ್ಯ ಇಟ್ಟು ಕಣ್ಣು ಮುಚ್ಚಿದರೆ, ತೆರೆಯುವಷ್ಟರಲ್ಲಿ ಎಲೆಯ ಮೇಲಿನ ಹಪ್ಪಳ ಮಾಯ. ಮೂರು ವರ್ಷ ಅವರ ಮನೆಯಲ್ಲಿ ದೇವರೇ ಹಪ್ಪಳ ತಿನ್ನುತ್ತಾನೆಂದು ಅವನ ಅಪ್ಪ ನಂಬಿದ್ದರಂತೆ.

ಅಂದರೆ ಇವನು ನನ್ನ ದೇವರೊಬ್ಬನನ್ನೇ ಚೇಷ್ಟೆ ಮಾಡಿದವನಲ್ಲ. ತನ್ನದನ್ನು ಮೊದಲು ಮುಗಿಸಿ ಆಮೇಲೆ ನನ್ನಲ್ಲಿಗೆ ಬಂದಿದ್ದಾನೆ. ಯಾಕೋ ಬಹಳ ಸಮಾಧಾನವಾಯಿತು.

ಪೇಟಿ ಹೊರಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, ಅವನಿಗೆ ಏನೂ ಹೇಳಬೇಡ, ನಾನೂ ಏನೂ ಕೇಳಿಲ್ಲ ಎಂದಳು. ಟಾಂಗಾ ಹತ್ತಿದ ಮೇಲೆ ಮತ್ತೆ ಕರೆದಳು. "ತಮ್ಮಾ, ನೀ ಕಣ್ಣ ಮುಚ್ಚಿದಾಗ ನಮ್ಮ ಹುಡುಗನ ಸಲುವಾಗಿ ಎರಡು ಮಾತು ಕೇಳ್ಕೊ. ಅವಾಂತೂ ಕೇಳ್ಕೊಳ್ಳೂದಿಲ್ಲ. ಯಾರ ಕಡೆ ಕೇಳಿದ್ರೂ ಮುಟ್ಟೂದು ಮುಟ್ಟತದ."

೨೨ ಜುಲೈ, ರವಿವಾರ

ರಾಧಾಬಾಯಿ ನಿನ್ನೆ ಊರಿಗೆ ಹೋದಳು. ಮುಂಜಾನೆ ಬಳಗದ ಮನೆಯ ಆಳು ಒಂದು ಡಬ್ಬಿ ತಂದುಕೊಟ್ಟ, ನನ್ನ ಹೆಸರಿಗೆ. ತೆರೆದರೆ ಉದ್ದಿನ ಹಪ್ಪಳ, ಇನ್ನೂ ಸುಡದ್ದು, ಇಂಗಿನ ವಾಸನೆ 'ಘಮ್' ಎಂದು ಬಂತು. ಭುಜಂಗನಿಗೆ ಕೊಟ್ಟು ನನ್ನ ಪಾಲಿಗೆ ಇದರಲ್ಲೇ ಒಂದನ್ನು ಸುಟ್ಟು ಬಡಿಸು ಎಂದೆ.

ಊಟಕ್ಕೆ ಕೂತೆವು. ಗಂಡಾಂತರ ಕಳೆದ ಖುಷಿಯಲ್ಲಿ ಪ್ರಲ್ಹಾದ ಬಾಯಿ ತುಂಬ ಮಾತಾಡುತ್ತಿದ್ದ. ನಾನು ಕಣ್ಣು ಮುಚ್ಚಿದೆ. ಅನಾಥರು ಆದರು, ವಿಧವೆಯರು ಆದರು, ನಾಲ್ಕು ದಿನದಿಂದ ಸೇರಿಸಿಕೊಂಡ ಒಂದು ಹೆಸರಿಗೆ ಬಂದೆ. ಆಗ ಸದ್ದು ಕೇಳಿತು. ಕರಕರಕರ. ಒಂದು ಚಣ ನಿಂತಿತು. ಮುಂದಿನ ಮೂರು ಬರಲಿಲ್ಲ.

ನಾನು ಆಮೆನ್ ಎಂದು ಕಣ್ಣು ತೆರೆದಾಗ ತಾಟಿನಲ್ಲಿ ಅರ್ಧ ಹಪ್ಪಳ ಮರಳಿ ಬಂದಿತ್ತು, ಅಂಚಿನಲ್ಲಿ ಹಲ್ಲಿನ ಗುರುತಿನ ಸಮೇತ. ಪ್ರಲ್ಹಾದ ತಲೆ ತಗ್ಗಿಸಿ ಕೂತಿದ್ದ. ತಾಯಿಯ ಕೈಯ ಇಂಗನ್ನು ಯಾವ ಮಗನೂ ಮರೆಯುವುದಿಲ್ಲ.

ಊಟವಾದ ಮೇಲೆ ಮಳೆ ನಿಲ್ಲುವವರೆಗೆ ಖಾನಾವಳಿಯ ಮೆಟ್ಟಿಲಲ್ಲಿ ನಿಂತೆವು. ಅವನೇ ಹೇಳಿದ. ಪುಣೆಗೆ ಬಂದ ಹೊಸದರಲ್ಲಿ ಕಂಪನಿಯ ಊಟದ ಕೋಣೆಯಲ್ಲಿ ಅವನು ತಾಟಿನ ಸುತ್ತ ನೀರು ಬಿಟ್ಟನಂತೆ. ಮೇಲಿನ ಗುಮಾಸ್ತನೊಬ್ಬ ಒಂದು ಕೊಡ ನೀರು ತಂದು ಇವನ ಕುರ್ಚಿಯ ಸುತ್ತಲೂ ಸುರಿದು, ಭಟ್ಟರ ಚಿತ್ರಾವತಿ ದೊಡ್ಡದಾಗಿ ಆಗಲಿ ಎಂದನಂತೆ. ಎಲ್ಲರೂ ನಕ್ಕರು. ಇವನು ಒದ್ದೆ ಧೋತರದಲ್ಲಿ ಕೂತು ಉಂಡ. ಅವತ್ತಿನಿಂದ ಚಿತ್ರಾವತಿ ಬಿಟ್ಟ.

"ನಿನ್ನ ನೋಡಿ ಎಲ್ಲಾರೂ ನಕ್ರ, ನನ್ನ ಕಡೆ ಯಾರೂ ನೋಡೂದಿಲ್ಲಂತ ಅನಿಸ್ತು" ಎಂದ. ಆಮೇಲೆ, "ನೀ ಯಾಕ ಬಿಡಲಿಲ್ಲೋ?" ಎಂದ.

ಒಂದು ದಿನ ಬಿಟ್ಟಿದ್ದೆ, ಹಪ್ಪಳ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದೆ. ಇನ್ನೂ ಏನೇನೋ ಹೇಳಬೇಕಿತ್ತು, ಉಪದೇಶಿಯ ಮಗ ಎನ್ನುವುದಕ್ಕಾದರೂ. ಮಳೆ ನಿಂತುಬಿಟ್ಟಿತು.

೨೩ ಜುಲೈ, ಸೋಮವಾರ

ಇವತ್ತು ಮೇಜಿಗೆ ಹೊಸಬನೊಬ್ಬ ಬಂದ, ಮಾರ್ತಾಂಡ ಎಂದು, ವಿಜಾಪುರದ ಕಡೆಯವನು. ನಗುವ ಜಾತಿ, ಬಂದ ಕೂಡಲೇ ತಿಳಿಯುತ್ತದೆ.

ಭುಜಂಗ ಬಡಿಸಿ ಹೋದ, ಡಬ್ಬಿಯ ಉದ್ದಿನ ಹಪ್ಪಳ ನನಗೊಂದು, ಪ್ರಲ್ಹಾದನಿಗೊಂದು. ನಾನು ಪ್ರಾರ್ಥನೆ ಮುಗಿಸಿ ಕಣ್ಣು ತೆರೆದೆ. ನನ್ನ ಹಪ್ಪಳ ನನ್ನ ತಾಟಿನಲ್ಲೇ ಇತ್ತು, ಇಡಿಯಾಗಿ. ಎದುರಿಗೆ ಪ್ರಲ್ಹಾದ ಇನ್ನೂ ಊಟ ಶುರು ಮಾಡಿರಲಿಲ್ಲ. ಬಲಗೈಯಲ್ಲಿ ನೀರು ತೆಗೆದುಕೊಂಡು ಕೂತಿದ್ದ. ಬಹಳ ಹೊತ್ತು ಹಾಗೇ ಕೂತ. ಆಮೇಲೆ ತಾಟಿನ ಸುತ್ತ ನೀರು ಬಿಡಲು ಶುರು ಮಾಡಿದ. ಮೇಜು ಇಳಿಜಾರು, ನೀರು ಹರಿದು ಮಾರ್ತಾಂಡನ ಕಡೆ ಹೋಯಿತು. ಮಾರ್ತಾಂಡ ಕಾಲು ಮೇಲೆತ್ತಿ, ಭೀಮಾನದಿಗೆ ಮಹಾಪೂರ ಬಂತೆಂದು ಕೂಗಿ ನಕ್ಕ. ಗೋಡೆಯ ಕಡೆಯ ಮರಾಠಿಯವರು ತಿರುಗಿ ನೋಡಿದರು.

ಪ್ರಲ್ಹಾದನ ಕೈ ನಿಂತಿತು. ಕಿವಿ ಕೆಂಪಾಯಿತು. ಆ ಕೆಂಪು ನನಗೆ ಗೊತ್ತು, ನನ್ನ ಕಿವಿಯೂ ಹಾಗೇ ಆಗುತ್ತದೆ. ಅರ್ಧ ಸುತ್ತು ನೀರು ಆಗಿತ್ತು, ಅರ್ಧ ಉಳಿದಿತ್ತು. ನನ್ನ ಕಡೆ ನೋಡಿದ. ಅಳುವಂತಿದ್ದ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಪ್ರಾರ್ಥನೆಗೋ ಯಾರ ಮುಖವೂ ಕಾಣದಿರಲೆಂದೋ ನನಗೆ ತಿಳಿಯಲಿಲ್ಲ.

ಎದುರಿನವನ ಕತ್ತು ನೋಡುವ ನನ್ನ ಹಳೆಯ ಚಟ ಆ ಹೊತ್ತಿಗೆ ಬರಲಿಲ್ಲ. ಕೈ ತಾನಾಗಿ ಎದ್ದಿತು, ಮೇಜಿನ ಮೇಲಿಂದ ಚಾಚಿತು, ಪ್ರಲ್ಹಾದನ ತಾಟಿನ ಹಪ್ಪಳ ತೆಗೆದುಕೊಂಡಿತು. ಬಲಗಡೆಯ ದವಡೆಗೆ ಹಾಕಿ ಮೂರು ಸಲ ಕರಕರ ಅಂದೆ, ಒಂದು ಚಣ ನಿಂತೆ, ಮತ್ತೆ ಮೂರು ಸಲ.

ಮೊದಲು ನಕ್ಕದ್ದು ಈರಬಸಪ್ಪನ ಹೊಟ್ಟೆ. ಆಮೇಲೆ ಮೇಜು ಅಲುಗಿತು. ಪ್ರಲ್ಹಾದ ಕಣ್ಣು ತೆರೆಯದೆಯೇ ನಗಲು ಶುರು ಮಾಡಿದ. ಮಾರ್ತಾಂಡ ಯಾರಿಗೆ ನಗುತ್ತಿದ್ದಾರೆಂದು ತಿಳಿಯದೆ ಸುತ್ತಲೂ ನೋಡಿದ, ಅವನ ನಗು ಅಲ್ಲೇ ನಿಂತಿತು. ಪ್ರಲ್ಹಾದ ಹಾಗೇ ನಗುತ್ತ, ಕಣ್ಣು ಮುಚ್ಚಿಕೊಂಡೇ, ಉಳಿದ ಅರ್ಧ ಸುತ್ತು ನೀರು ಬಿಟ್ಟು ಮುಗಿಸಿದ.

ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಅವ್ವನಿಗೆ ಕೊಟ್ಟ ಮಾತಿನೊಳಗೆ ಇದು ಬರುತ್ತದೋ ಇಲ್ಲವೋ, ಪತ್ರ ಬರೆದು ಕೇಳಬೇಕು. ಹಪ್ಪಳಕ್ಕೆ ಇಂಗು ಸ್ವಲ್ಪ ಮುಂದಾಗಿತ್ತು. ಆದರೂ ಕದ್ದದ್ದರ ರುಚಿಯೇ ಬೇರೆ. ಅವನು ಇಷ್ಟು ದಿನ ಯಾಕೆ ಬಿಡಲಿಲ್ಲವೆಂದು ಇವತ್ತು ತಿಳಿಯಿತು.